ಚಿಕ್ಕಿ ಇಲ್ಲದ ಸಾಲು

ಉರುಕುಂದಪ್ಪನನ್ನು ಮಣ್ಣು ಮಾಡಿ ಬಂದ ವಾರ ಕಂಪನಿಯ ಅಂಗಳದಲ್ಲಿ ಸಂತಾಪ ಸಭೆ ಮಾಡಿದರು. ಸಾಹುಕಾರರು ಮಾತಾಡಿದರು, ಮಾನ್ವಿಯ ಮುನೀಮರು ಮಾತಾಡಿದರು. ರಾಯಚೂರಿಗೆ ಕಂಪ್ಯೂಟರ್ ಇನ್ನೂ ಸರಿಯಾಗಿ ಕಾಲಿಡದ ಕಾಲದಲ್ಲಿ ಒಂದು ಕಂಪನಿಯ ಮೂರೂ ಊರಿನ ಆಫೀಸುಗಳನ್ನು ಒಂದೇ ಪರದೆಯ ಮುಂದೆ ತಂದು ಕೂಡಿಸಿದವನು ಎಂದರು. ಗೆದ್ದ ಮನುಷ್ಯ ಎಂದರು. ಆ ಮಾತು ಸುಳ್ಳಲ್ಲ. ಆದರೆ ಮಣ್ಣಿನ ದಿನ ಅವನ ತಂಗಿ ಗೋಪಮ್ಮ ದೇವದುರ್ಗದಿಂದ ಬಂದು, ಹೆಣದ ಹತ್ತಿರ ಬಾರದೆ ಜಾಲಿ ಬೇಲಿಯ ಆಚೆ ನಿಂತು, ಎಲ್ಲ ಮುಗಿದ ಮೇಲೆ ಯಾರೊಂದಿಗೂ ಮಾತಾಡದೆ ಬಸ್ಸು ಹತ್ತಿ ಹೋದದ್ದನ್ನು ನಾನು ನೋಡಿದ್ದೆ. ಅವ್ವ ಸಾಯುವಾಗ ಸುದ್ದಿ ಮುಟ್ಟಿಯೂ ಬಾರದ ಮಗ ಎಂದು ಅವಳು ಅಣ್ಣನೊಂದಿಗೆ ಮಾತು ಬಿಟ್ಟು ಎರಡು ವರ್ಷವಾಗಿತ್ತು. ಅದು ನಿಜವಲ್ಲವೆಂದು ಬಲ್ಲವರು ಮೂರ್ನಾಲ್ಕು ಜನ. ಸಭೆಯಲ್ಲಿ ಹೇಳುವಂಥ ಮಾತಾಗಿರಲಿಲ್ಲ. ಈಗ ಹೇಳಬಹುದು. ಹೇಳಬೇಕಾದವರಿಗೆ ಮೊದಲು ಹೇಳಿಯಾಗಿದೆ.

ನಾವಿಬ್ಬರೂ ಎಪ್ಪತ್ತರ ದಶಕದ ಮೊದಲಲ್ಲಿ ರಾಯಚೂರಿನ ಹಾಸ್ಟೆಲ್ಲಿನ ಒಂದೇ ಕೋಣೆಯಲ್ಲಿದ್ದವರು. ಅವನ ತಂದೆ ಮಲ್ಲಯ್ಯ ಮಾನ್ವಿ ತಾಲೂಕಿನ ಕಲ್ಲೂರಿನವರು. ಹೊಟ್ಟೆಪಾಡಿಗೆ ದೇವದುರ್ಗಕ್ಕೆ ಹೋಗಿ ಹತ್ತಿ ಖರೀದಿ ಕೇಂದ್ರದಲ್ಲಿ ಹಮಾಲಿ ಮಾಡುತ್ತಿದ್ದರು. ತಾಯಿ ಶೇಖಮ್ಮ ಅದೇ ಅಂಗಳದಲ್ಲಿ ಹತ್ತಿಯಲ್ಲಿನ ಕಸಕಡ್ಡಿ ಆರಿಸುತ್ತಿದ್ದರು. ಉರುಕುಂದಪ್ಪ ತಂದೆಯ ಬಗ್ಗೆ ಹೆಚ್ಚು ಹೇಳುತ್ತಿರಲಿಲ್ಲ. ಒಂದು ಸಂಗತಿಯನ್ನು ಮಾತ್ರ ಮತ್ತೆ ಮತ್ತೆ ಹೇಳುತ್ತಿದ್ದ. ನಾಳೆ ಲಾರಿ ಬರುತ್ತದೆಂದು ಹಮಾಲರನ್ನು ಕರೆಸುವುದು, ಅವರು ಬೆಳಗಿನಿಂದ ಬೇವಿನ ಗಿಡದ ಕೆಳಗೆ ಕೂತಿರುವುದು, ಲಾರಿ ಬಾರದಿರುವುದು. ಹೊತ್ತರೆ ಕೂಲಿ, ಕೂತರೆ ಇಲ್ಲ. ಲಾರಿ ಬರುವುದಿಲ್ಲವೆಂಬುದು ರಾಯಚೂರಿನ ಆಫೀಸಿಗೆ ಹಿಂದಿನ ದಿನವೇ ಗೊತ್ತಿರುತ್ತಿತ್ತು.

"ನಮ್ಮಪ್ಪನ ಮ್ಯಾಲ ಯಾರಿಗೂ ಸಿಟ್ಟಿದ್ದಿಲ್ಲಲೇ," ಎನ್ನುತ್ತಿದ್ದ. "ಸಿಟ್ಟಿದ್ದಿದ್ರ ಬ್ಯಾರೆ ಮಾತು. ಇವರಿಗೂ ಹೇಳಬೇಕು ಅಂತ ಯಾರಿಗೂ ಅನಿಸಿದ್ದಿಲ್ಲ. ಅಷ್ಟ."

ಅವನು ಬಿ.ಎಸ್‌ಸಿ. ಮುಗಿಸಿ ಹೈದರಾಬಾದಿಗೆ ಹೋದ. ಅಲ್ಲೊಂದು ಕಾರ್ಖಾನೆಯಲ್ಲಿ ತೂತು ಹಾಕಿದ ಕಾರ್ಡುಗಳನ್ನು ನುಂಗುವ ದೊಡ್ಡ ಲೆಕ್ಕದ ಯಂತ್ರವಿತ್ತು. ಅದರ ಕೋಣೆಯಲ್ಲಿ ಕೆಲಸಕ್ಕೆ ಸೇರಿ, ಅದರ ಭಾಷೆ ಕಲಿತ. ನಾನು ರಾಯಚೂರಿನಲ್ಲೇ ಉಳಿದು ಒಂದು ಖಾಸಗಿ ಕಂಪನಿಯಲ್ಲಿ ಪತ್ರ ಬರೆಯುವ ಗುಮಾಸ್ತನಾದೆ. ಗಂಜ್ ಮಾರುಕಟ್ಟೆಯ ಹತ್ತಿರ ಅದರ ಹತ್ತಿ ಜಿನ್ನು, ಎಣ್ಣೆ ಗಿರಣಿ ಮತ್ತು ದೊಡ್ಡ ಆಫೀಸು. ಮಾನ್ವಿಯಲ್ಲಿ ಅಕ್ಕಿ ಗಿರಣಿ. ದೇವದುರ್ಗದಲ್ಲಿ ಮಲ್ಲಯ್ಯ ದುಡಿದ ಅದೇ ಹತ್ತಿ ಕೇಂದ್ರ. ಎಂಬತ್ತರ ದಶಕದ ನಡುವೆ ನಮ್ಮ ಸಾಹುಕಾರರು ಮುಂಬೈಯಲ್ಲಿ ಯಾರದೋ ವ್ಯಾಪಾರದ ಪೇಢಿಯಲ್ಲಿ ನೋಡಿ ಬಂದು ಮೂರು ಕಂಪ್ಯೂಟರ್ ತರಿಸಿದರು. ನಡೆಸುವವರು ಬೇಕೆಂದಾಗ ನಾನು ಉರುಕುಂದಪ್ಪನ ಹೆಸರು ಹೇಳಿದೆ. ಅಷ್ಟು ಹೊತ್ತಿಗೆ ಮಲ್ಲಯ್ಯ ತೀರಿಕೊಂಡಿದ್ದರು. ಶೇಖಮ್ಮ ದೇವದುರ್ಗದಲ್ಲೇ ಮಗಳು ಗೋಪಮ್ಮ, ಅಳಿಯನ ಜೊತೆ ಇದ್ದರು. ಉರುಕುಂದಪ್ಪ ಹೆಂಡತಿ ಸೂಗಮ್ಮನನ್ನು ಕರೆದುಕೊಂಡು ರಾಯಚೂರಿಗೆ ಬಂದ.

ಅವನು ಬಂದಾಗ ಮಾನ್ವಿಯ ಕಂಪ್ಯೂಟರ್ ಕಸೂತಿ ಬಟ್ಟೆ ಹೊದ್ದು, ಹಣೆಗೆ ಕುಂಕುಮ ಹಚ್ಚಿಕೊಂಡು ಕೂತಿತ್ತು. ದೇವದುರ್ಗದ ಗುಮಾಸ್ತ ಹುಲಿಗೆಪ್ಪ ದಿನಾ ಒಮ್ಮೆ ಅದರ ಮೇಲೆ ಕೈಯಿಟ್ಟು, ಬಿಸಿ ಇದೆಯೋ ಇಲ್ಲವೋ ನೋಡಿ, ಬಾಗಿಲು ಹಾಕಿಕೊಳ್ಳುತ್ತಿದ್ದ. ರಾಯಚೂರಿನದರಲ್ಲಿ ಸಾಹುಕಾರರು ಬಂದ ನೆಂಟರಿಗೆ ತಮ್ಮ ಹೆಸರು ಮೂಡಿಸಿ ತೋರಿಸುತ್ತಿದ್ದರು.

ಉರುಕುಂದಪ್ಪ ತಾನೇ ಕೂತು ಒಂದು ಪ್ರೋಗ್ರಾಂ ಬರೆದ. ಅದಕ್ಕೆ 'ಕಟ್ಟೆ' ಎಂದು ಹೆಸರಿಟ್ಟ. ಊರ ಕಟ್ಟೆಯ ಮೇಲೆ ಕೂತವರಿಗೆಲ್ಲ ಒಂದೇ ಸುದ್ದಿ ಒಟ್ಟಿಗೆ ಸಿಗುವ ಹಾಗೆ ಮೂರೂ ಆಫೀಸಿಗೆ ಸಿಗಬೇಕೆಂಬುದು ಅವನ ಆಸೆ. ನಾಡಿದ್ದು ಎಷ್ಟು ಲಾರಿ, ಯಾವ ಗೋದಾಮು ತುಂಬಿದೆ, ಎಷ್ಟು ಹಮಾಲರು ಬೇಕು, ಯಾರು ರಜೆ, ಏನು ಕೆಟ್ಟಿದೆ, ಹೀಗೆ ಪ್ರತಿ ಆಫೀಸಿನವರೂ ಹೇಳಬೇಕಾದದ್ದನ್ನು ಸಂಜೆ ಒಂದೊಂದು ಸಾಲಿನಲ್ಲಿ ಬರೆಯಬೇಕು. ಆ ಯಂತ್ರಗಳಿಗೆ ಕನ್ನಡ ಬರುತ್ತಿರಲಿಲ್ಲವಾದ್ದರಿಂದ ನಮ್ಮ ಮಾತನ್ನೇ ಇಂಗ್ಲಿಷ್ ಅಕ್ಷರದಲ್ಲಿ ಒತ್ತುತ್ತಿದ್ದರು. ಬರೆದದ್ದು ಒಂದು ಫ್ಲಾಪಿಗೆ ಇಳಿದು ಸಂಜೆಯ ಬಸ್ಸಿಗೆ ರಾಯಚೂರಿಗೆ ಬರಬೇಕು. ಇಲ್ಲಿ ಮೂರನ್ನೂ ಕೂಡಿಸಿ, ಬೆಳಗಿನ ಮೊದಲ ಬಸ್ಸಿಗೆ ವಾಪಸು ಕಳಿಸಿದರೆ, ಆಫೀಸು ತೆರೆದಾಗ ಮೂರೂ ಊರಿನವರು ಮೂರೂ ಊರಿನ ಸುದ್ದಿ ಓದುತ್ತಾರೆ.

ಯಾರೂ ಬರೆಯಲಿಲ್ಲ. ಬರೆಯಬೇಕಾದ ಕಾರಣವೂ ಇರಲಿಲ್ಲ, ಯಾಕೆಂದರೆ ಹನುಮಂತ್ರಾಯ ಇದ್ದ. ಕಂಪನಿಯ ಕಾಗದಗಳ ಥೈಲಿ ಹೆಗಲಿಗೇರಿಸಿ ಮೂರು ಊರಿನ ನಡುವೆ ಬಸ್ಸಿನಲ್ಲಿ ತಿರುಗುವುದೇ ಅವನ ನೌಕರಿ. ಬಾಗಿಲಲ್ಲಿ ಕಾಲಿಡುವ ಮೊದಲೇ ಯಾರ ಎಮ್ಮೆ ಕರು ಹಾಕಿತು, ಯಾರ ಮಗಳಿಗೆ ಗಂಡು ಗೊತ್ತಾಯಿತು ಎಲ್ಲ ಹೇಳಿ, ಚಹಾ ಕುಡಿದು, ಹೊರಡುವಾಗ, "ಹಾಂ, ಮರತಿದ್ದೆ, ನಾಳಿ ಲಾರಿ ಬರಂಗಿಲ್ಲಂತ್ರಿ," ಎನ್ನುವವನು. ಕೆಲವು ಸಲ ಅದನ್ನೂ ಮರೆತು ಹೋಗುವವನು. ದೇವದುರ್ಗಕ್ಕೆ ಹೋದಾಗೆಲ್ಲ ಶೇಖಮ್ಮನ ಮನೆಗೆ ಹೋಗಿ ರೊಟ್ಟಿ ಕಟ್ಟಿಸಿಕೊಂಡು ಬಂದು ಉರುಕುಂದಪ್ಪನ ಮೇಜಿನ ಮೇಲೆ ಇಡುತ್ತಿದ್ದ. ಇಟ್ಟು ಕೆಣಕುತ್ತಿದ್ದ.

"ಏನಪಾ, ನಿನ್ನ ಮಿಷಿನ್ನಿಗೆ ಬಾಯಿ ಅದೇನು?"

"ಇಲ್ಲ ಕಾಕಾ. ಅದಕ್ಕ ಸುಳ್ಳು ಹೇಳಂಗಿಲ್ಲ."

"ಬಾಯಿಲ್ಲದ್ದು ಸುದ್ದಿ ಹೆಂಗ ಹೇಳತದ? ನಾ ಹೇಳಿದ್ರ ಅಳಾಕತ್ತಿದಾವ್ರು ಸೈತ ನಗತಾರ."

"ಹಮಾಲ್ರನ್ನ ಕೇಳು ಕಾಕಾ, ನಕ್ಕಾರೇನು ಅಂತ."

ಜನರನ್ನು ಅವನು ಗೆದ್ದ ರೀತಿ ನೆನೆದರೆ ಈಗಲೂ ನಗು ಬರುತ್ತದೆ. ಕಂಪ್ಯೂಟರ್ ಕೆಡಬಾರದೆಂದು ಸಾಹುಕಾರರು ಅದರ ಕೋಣೆಗೆ ತಂಪಿನ ಯಂತ್ರ ಹಾಕಿಸಿದ್ದರು. ಅವರ ಸ್ವಂತ ಕೋಣೆಗೂ ಇರಲಿಲ್ಲ. ಚಪ್ಪಲಿ ಹೊರಗೆ ಬಿಟ್ಟು, ಅಪ್ಪಣೆ ಇದ್ದವರಷ್ಟೇ ಒಳಗೆ ಹೋಗಬೇಕೆಂದು ಕಟ್ಟುನಿಟ್ಟು. ರಾಯಚೂರಿನ ಮೇ ತಿಂಗಳೆಂದರೆ ಏನೆಂದು ಈ ಕಡೆಯವರಿಗೆ ಹೇಳಬೇಕಾಗಿಲ್ಲ. ಉರುಕುಂದಪ್ಪ ಬಾಗಿಲು ತೆರೆದು ಸಾರಿದ: ಒಂದು ಸಾಲು ಬರೆದವರು ಕಾಲು ಗಂಟೆ ಒಳಗೆ ಕೂಡಬಹುದು. ತೂಕದವರು, ಲೆಕ್ಕದವರು, ಗಿರಣಿಯ ಫಿಟ್ಟರುಗಳು ಮಧ್ಯಾಹ್ನ ಸಾಲು ಹಿಡಿದು ನಿಂತರು. ಬರೆಯಲು ಏನೂ ತೋಚದವರು "ಇಂದು ಬಿಸಿಲು ಬಹಳ" ಎಂದು ಬರೆದರು. ಮಳೆಗಾಲ ಬರುವಷ್ಟರಲ್ಲಿ ಎಲ್ಲರಿಗೂ ಅಕ್ಷರಗಳ ಜಾಗ ಬೆರಳಿಗೆ ಹತ್ತಿತ್ತು. ಕೆಲಸದ ಮಾತೂ ಬರತೊಡಗಿತು.

ಸಂಜೆಯ ಬಸ್ಸಿಗೆ ಬಂದ ಸಾಲುಗಳನ್ನು ಓದುವುದು ಮರುದಿನ ಬೆಳಿಗ್ಗೆ. ತಡೆಯಲಾಗದ ಸುದ್ದಿಗೆ ಅವನು ಇನ್ನೊಂದು ದಾರಿ ಇಟ್ಟಿದ್ದ. ಸಾಲಿನ ಮುಂದೆ ನಕ್ಷತ್ರದ ಗುರುತು ಹಾಕಿದರೆ ರಾಯಚೂರಿನಲ್ಲಿ ಅದು ಆಗಲೇ ಬೇರೆ ಕಾಗದದ ಮೇಲೆ ಅಚ್ಚಾಗಿ ಬರುತ್ತಿತ್ತು. ಕಾವಲುಗಾರ ಅದನ್ನು ಸಂಬಂಧಪಟ್ಟವರ ಮನೆಗೆ ಅದೇ ಸಂಜೆ ಮುಟ್ಟಿಸಬೇಕು. ಎಲ್ಲರೂ ಅದನ್ನು ನಮ್ಮ ಕಡೆಯ ಮಾತಿನಲ್ಲಿ ಚಿಕ್ಕಿ ಎನ್ನುತ್ತಿದ್ದರು. ಸ್ವಲ್ಪ ದಿನದಲ್ಲೇ ಪ್ರತಿ ಸಾಲಿಗೂ ಚಿಕ್ಕಿ ಬೀಳತೊಡಗಿತು. ಮಾನ್ವಿಯ ಮುನೀಮ ಗಡಿಗೆಪ್ಪನವರಂತೂ ತಾವು ಹೇಳಿದ್ದೆಲ್ಲ ತುರ್ತೇ ಎಂದು ನಂಬಿದವರು. ಗೋಣಿಚೀಲಕ್ಕೂ ಚಿಕ್ಕಿ, ಚೀಲ ಹೊಲಿಯುವ ದಬ್ಬಳಕ್ಕೂ ಚಿಕ್ಕಿ. ಕಾವಲುಗಾರ ಕೆಲಸ ಬಿಡುತ್ತೇನೆಂದ.

ಆಗ ಉರುಕುಂದಪ್ಪ ಚಹಾ ದಂಡ ತಂದ. ಬೆಳಿಗ್ಗೆ ಪ್ರತಿ ಆಫೀಸಿನಲ್ಲೂ ಕಟ್ಟೆಯ ಸಾಲುಗಳನ್ನು ಒಬ್ಬರು ಗಟ್ಟಿಯಾಗಿ ಓದಬೇಕು. ಚಿಕ್ಕಿಯ ಸಾಲು ಬಂದಾಗ ಇದಕ್ಕೆ ಚಿಕ್ಕಿ ಬೇಕಿತ್ತೇ ಎಂದು ಕೂತವರೆಲ್ಲ ತೀರ್ಮಾನಿಸಬೇಕು. ಬೇಡವಾಗಿತ್ತು ಎಂದರೆ ಹಾಕಿದವನು ತನ್ನ ಆಫೀಸಿನವರಿಗೆಲ್ಲ, ಹಮಾಲರೂ ಸೇರಿ, ಚಹಾ ಕುಡಿಸಬೇಕು. ತಾನೇ ಕೆಟಲ್ ಹಿಡಿದು ಬಗ್ಗಿಸಿ ಕೊಡಬೇಕು.

ಮೊದಲ ದಂಡ ಬಿದ್ದದ್ದು ಗಡಿಗೆಪ್ಪನವರಿಗೆ. ಅದರ ಹಿಂದಿನದನ್ನು ಹೇಳಬೇಕು. ಮಾನ್ವಿಯ ಆಫೀಸಿನಲ್ಲಿ ಉರುಕುಂದಪ್ಪನಿಗೆಂದು ಬೇರೆ ಲೋಟವಿತ್ತು. ಅದನ್ನು ಕಿಟಕಿಯ ಕಟ್ಟೆಯ ಮೇಲಿಡುತ್ತಿದ್ದರು. ಅವನು ಏನೂ ಅನ್ನುತ್ತಿರಲಿಲ್ಲ, ಆ ಲೋಟದಲ್ಲಿ ಕುಡಿಯುತ್ತಲೂ ಇರಲಿಲ್ಲ. ದಂಡದ ದಿನ ಅವನು ಮಾನ್ವಿಗೆ ಹೋಗಿದ್ದ, ನಾನೂ ಜೊತೆಗಿದ್ದೆ. ಗಡಿಗೆಪ್ಪನವರು ಗೊಣಗುತ್ತ ಕೆಟಲ್ ಹಿಡಿದು ಎಲ್ಲರಿಗೂ ಬಗ್ಗಿಸುತ್ತ ಬಂದು ಅವನೆದುರು ನಿಂತರು. ಚಹಾ ತಂದಿದ್ದ ಹೋಟೆಲಿನ ದಾವಲ್ ಬೀ ಎಲ್ಲರ ಲೋಟಗಳನ್ನೂ ಒಂದೇ ತಟ್ಟೆಯಲ್ಲಿ ಜೋಡಿಸಿಟ್ಟಿದ್ದಳು.

"ಹಾಕ್ರಿ ಮುನೀಮಸಾಬ್, ಆರತದ," ಎಂದಳು ಅವಳು. "ನಿಮ್ಮ ಮಿಷಿನ್ ಮುನೀಮರ ಕೈಲೆ ಚಹಾ ಹಾಕಸ್ತದ ಅಂತ ಗೊತ್ತಿದ್ರ ನಾನ ಒಂದು ತರಸ್ತಿದ್ದೆ."

ಎಲ್ಲರೂ ನಕ್ಕರು. ಗಡಿಗೆಪ್ಪನವರೂ ನಕ್ಕರು. ಬಗ್ಗಿಸಿದರು. ಆಮೇಲೆ ಕಿಟಕಿಯ ಲೋಟ ಎಲ್ಲಿ ಹೋಯಿತೋ. ಬಸ್ಸಿನಲ್ಲಿ ವಾಪಸು ಬರುವಾಗ ಉರುಕುಂದಪ್ಪ ಹೊಲಗಳನ್ನು ನೋಡುತ್ತ, "ಇದನ್ನ ನಾ ಯಾವತ್ತೂ ಬಿಡಂಗಿಲ್ಲ ನೋಡು," ಎಂದ. ಚಹಾ ದಂಡವನ್ನು ಕುರಿತು ಹೇಳಿದ್ದು.

ಕಟ್ಟೆ ನಿಜವಾಗಿ ಗೆದ್ದದ್ದು ಆ ದಂಡದಿಂದಲೇ. ಬೆಳಿಗ್ಗೆ ಯಾರಿಗೆ ದಂಡ ಬಿದ್ದೀತೆಂದು ನೋಡಲು ಜನ ಹೊತ್ತಿಗೆ ಮುಂಚೆ ಬರುತ್ತಿದ್ದರು. ಹೆಚ್ಚು ಸಲ ಸಿಕ್ಕಿಬಿದ್ದವನು ದೇವದುರ್ಗದ ಹುಲಿಗೆಪ್ಪ. ಬಹಳ ಮೆತ್ತಗಿನ ಮನುಷ್ಯ. ನಗುವವರನ್ನು ಕಂಡರೆ ಕಿವಿ ಕೆಂಪಾಗುತ್ತಿತ್ತು. ಒಮ್ಮೆ ಹತ್ತಿಯ ಒಟ್ಟಿಲಿನಲ್ಲಿ ಹಾವು ಬಂದಿದೆಯೆಂದು ಚಿಕ್ಕಿ ಹಾಕಿದ್ದ.

"ಲೇ ಹುಲಿಗೆಪ್ಪ, ಹಾವು ದೇವದುರ್ಗದಾಗ ಬಂದ್ರ ರಾಯಚೂರಿನ ಕಾವಲುಗಾರ ಬಂದು ಹೊಡೀಬೇಕೇನು?" ಎಂದು ಮರುವಾರ ಅವನು ರಾಯಚೂರಿಗೆ ಬಂದಾಗ ಎಲ್ಲರೂ ಕಾಡಿದ್ದೇ ಕಾಡಿದ್ದು.

ಇನ್ನೊಂದು ಸಲ ಶೇಖಮ್ಮ ಆಫೀಸಿನ ಬಾಗಿಲಿಗೆ ಬಂದು ಇಣುಕಿದ್ದರು. "ಇದರಾಗ ನನ್ನ ಮಗ ಕಾಣತಾನೇನಪಾ?" ಎಂದು ಕೇಳಿದರಂತೆ. ಹುಲಿಗೆಪ್ಪ, "ಮಗ ಕಾಣಂಗಿಲ್ಲ ಯವ್ವಾ, ನೀ ಹೇಳಿದ್ದು ಮಗಗ ಮುಟ್ಟತದ," ಎಂದು ಕೂಡಿಸಿ, ಅವರು ಹೇಳಿದ್ದನ್ನು ಬರೆದು ಪ್ರೀತಿಯಿಂದ ಒಂದು ಚಿಕ್ಕಿ ಹಾಕಿದ: ಹಬ್ಬಕ್ಕೆ ಬರುತ್ತೀಯೋ ಇಲ್ಲವೋ, ಅವ್ವ ಕೇಳುತ್ತಾಳೆ. ಕಾವಲುಗಾರ ಆ ಸಂಜೆ ಕಾಗದ ಹಿಡಿದು ಉರುಕುಂದಪ್ಪನ ಮನೆಗೆ ಓಡಿದ. ಬೆಳಿಗ್ಗೆ ಆ ಸಾಲನ್ನು ಓದಿದಾಗ ಆಫೀಸೆಲ್ಲ ಅವನ ಮುಖ ನೋಡಿತು. ತನ್ನ ತಾಯಿಯ ಮಾತೆಂದು ಬಿಟ್ಟರೆ ನಾಳೆ ಯಾರ ಮೇಲೂ ದಂಡ ಹಾಕಲಾಗದು.

"ದಂಡ," ಎಂದ. "ಮನಿ ಮಾತಿಗೆ ಚಿಕ್ಕಿ ಇಲ್ಲ. ನಮ್ಮವ್ವಂದಾದ್ರೂ ಅಷ್ಟ."

ಹುಲಿಗೆಪ್ಪ ಚಹಾ ಕುಡಿಸಿದ. ಉರುಕುಂದಪ್ಪನ ನ್ಯಾಯಕ್ಕೆ ಎಲ್ಲರೂ ತಲೆದೂಗಿದರು. ನಾನೂ ತಲೆದೂಗಿದವನೇ.

ಆ ವರ್ಷ ಸುಗ್ಗಿಯಲ್ಲಿ ಹನುಮಂತ್ರಾಯ ಗಬ್ಬೂರಿನಲ್ಲಿ ನೆಂಟರ ಮನೆಯ ಬಸುರಿಯ ಕುಬಸದ ಊಟಕ್ಕೆ ಇಳಿದು ಅಲ್ಲೇ ಉಳಿದ. ಥೈಲಿಯೂ ಉಳಿಯಿತು, ಅದರಲ್ಲಿ ಫ್ಲಾಪಿಯೂ ಉಳಿಯಿತು. ಲಾರಿಗಳು ಖಾಲಿ ಓಡಾಡಿದವು, ದೇವದುರ್ಗದ ಹಮಾಲರು ದಿನವಿಡೀ ಗಿಡದ ಕೆಳಗೆ ಕೂತರು. ಅದನ್ನು ಕೇಳಿದಾಗ ಉರುಕುಂದಪ್ಪನ ಮುಖ ಕಪ್ಪಿಟ್ಟಿತು. ಸಾಹುಕಾರರ ಬಳಿ ಹೋದ. ಫ್ಲಾಪಿಯನ್ನು ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟರೆ ಸಾಕು, ಥೈಲಿಗೆ ಮನುಷ್ಯ ಬೇಡ. ಹನುಮಂತ್ರಾಯನನ್ನು ದೇವದುರ್ಗದ ಗೇಟಿಗೆ ಹಾಕಬಹುದು. ಊರಿಂದೂರಿಗೆ ಟ್ರಂಕ್ ಕಾಲ್ ಮಾಡುವುದೂ ಬೇಡ ಎಂದ. ಸಾಹುಕಾರರಿಗೆ ಇಷ್ಟವಾಗದೇ ಇರುತ್ತದೆಯೇ? ಮೂರೂ ಆಫೀಸಿನ ಫೋನುಗಳು ಬೀಗ ಹಾಕಿದ ಪೆಟ್ಟಿಗೆಯೊಳಗೆ ಹೋದವು. ಇನ್ನು ಮುಂದೆ ಕಟ್ಟೆಯಲ್ಲಿ ಬಂದದ್ದೇ ಮಾತು, ಉಳಿದದ್ದು ಮಾತಲ್ಲ ಎಂದು ಹುಕುಂ ಆಯಿತು.

ಕಂಪನಿ ಪೂರ್ತಿ ಅವನ ಕೈಗೆ ಬಂದಿತ್ತು. ಬೇರೆ ಗಿರಣಿಗಳ ಮಾಲೀಕರು ಬಂದು ನೋಡಿ ಹೋದರು. ಸಂಜೆ ಹುಲಿಗೆಪ್ಪ ಗೇಟಿಗೆ ಬಂದು ನಾಳಿನ ಲಾರಿಗಳನ್ನು ಹಮಾಲರಿಗೆ ಕೂಗಿ ಹೇಳುವುದನ್ನು ನೋಡಲೆಂದೇ ಉರುಕುಂದಪ್ಪ ಒಮ್ಮೆ ದೇವದುರ್ಗಕ್ಕೆ ಹೋದ. ಲಾರಿ ಇಲ್ಲ ಎಂದು ಕೇಳಿ ಹಮಾಲರು ನಾಳೆ ಬೇರೆ ಕಡೆ ಕೂಲಿಗೆ ಹೋಗುವ ಮಾತಾಡುತ್ತ ಮನೆಯ ದಾರಿ ಹಿಡಿದರು. ಅವನು ಅವರ ಹಿಂದೆ ಸ್ವಲ್ಪ ದೂರ ನಡೆದುಕೊಂಡು ಹೋದನಂತೆ.  ಅವನ ಬಾಳಿನಲ್ಲಿ ಅಷ್ಟು ಸುಖದ ದಿನ ಇನ್ನೊಂದಿರಲಿಲ್ಲ.

ಎಂಬತ್ತೇಳರ ಒಂದು ಶನಿವಾರ ಶೇಖಮ್ಮನಿಗೆ ಉಸಿರು ಹಿಡಿಯಿತು. ದವಾಖಾನೆಯವರು ನೋಡಿ ಮಗನನ್ನು ಕರೆಸಿರಿ ಎಂದರು. ಗೋಪಮ್ಮನ ಗಂಡ ತಾನೇ ಬಸ್ಸು ಹತ್ತಲು ಹೊರಟವನು. "ನೀ ಹೋಗಿ ಬರೋದ್ರಾಗ ಹೊತ್ತಾಗತದ, ಅಣ್ಣನ ಮಿಷಿನ್ನಿನಾಗ ಹಾಕಿಸು, ಲಗೂ ಮುಟ್ಟತದ," ಎಂದು ಗೋಪಮ್ಮನೇ ಅವನನ್ನು ಆಫೀಸಿಗೆ ಕಳಿಸಿದಳು. ಅಣ್ಣನ ಯಂತ್ರದ ಬಗ್ಗೆ ಓಣಿಯಲ್ಲೆಲ್ಲ ಹೇಳಿಕೊಂಡವಳು ಅವಳು. ಹುಲಿಗೆಪ್ಪ ಸಾಲು ಬರೆದ. ಗೇಟಿನಲ್ಲಿದ್ದ ಹನುಮಂತ್ರಾಯನಿಗೂ ಸುದ್ದಿ ತಿಳಿದು, ಕೋಲು ಗೋಡೆಗೆ ಒರಗಿಸಿ, "ನಾ ಹೋಗಿ ಕರಕೊಂಡು ಬರ್ತೀನ್ರಿ," ಎಂದು ಬಂದ. ಈಗಾಗಲೇ ಬರೆದಾಯಿತು, ಗೇಟು ಬಿಟ್ಟು ಹೋದರೆ ಸಾಹುಕಾರರು ಬಯ್ಯುತ್ತಾರೆ ಎಂದು ಹುಲಿಗೆಪ್ಪ ಅವನನ್ನು ನಿಲ್ಲಿಸಿದ. ಫ್ಲಾಪಿ ಸಂಜೆಯ ಬಸ್ಸಿಗೆ ಹೋಯಿತು.

ಸಾಲಿನ ಮುಂದೆ ಅವನು ಚಿಕ್ಕಿ ಹಾಕಿರಲಿಲ್ಲ.

ಶನಿವಾರದ ಸಾಲುಗಳನ್ನು ಓದುವುದು ಸೋಮವಾರ. ಭಾನುವಾರ ಉರುಕುಂದಪ್ಪ ನಮ್ಮ ಮನೆಗೆ ಬಂದು ಊಟ ಮಾಡಿ, ಹರಟೆ ಹೊಡೆದು, ಬೇಲಿಯ ಹಾಗಲಬಳ್ಳಿಗೆ ದಾರ ಕಟ್ಟಿಕೊಟ್ಟು ಹೋದ. ಅದೇ ಹೊತ್ತಿಗೆ ದೇವದುರ್ಗದಲ್ಲಿ ಅವನ ತಾಯಿ ಪ್ರತಿ ಬಸ್ಸಿನ ಸದ್ದಿಗೂ ಬಾಗಿಲ ಕಡೆ ತಲೆ ಹೊರಳಿಸುತ್ತಿದ್ದರೆಂದು ಆಮೇಲೆ ಗೊತ್ತಾಯಿತು.

ಸೋಮವಾರ ಬೆಳಿಗ್ಗೆ ಎಂದಿನಂತೆ ಎಲ್ಲರೂ ಕೂತಿದ್ದೆವು. ಅವನೇ ಓದುತ್ತಿದ್ದ. ಮಾನ್ವಿಯಲ್ಲಿ ಭತ್ತದ ಆವಕ ಹೆಚ್ಚಾಗಿದೆ. ದೇವದುರ್ಗದ ತಕ್ಕಡಿ ರಿಪೇರಿಗೆ ಬಂದಿದೆ. ಉರುಕುಂದಪ್ಪನವರ ತಾಯಿಗೆ ಬಹಳ ಜಡ್ಡಾಗಿದೆ, ಬೇಗ ಬರಬೇಕು ಎಂದು ಮನೆಯವರು ಹೇಳಿದ್ದಾರೆ. ಗೋಣಿಚೀಲ ಇನ್ನೂ ಬಂದಿಲ್ಲ. ಅದೇ ದನಿಯಲ್ಲಿ ಗೋಣಿಚೀಲದ ಸಾಲನ್ನೂ ಓದಿ ಮುಗಿಸಿದ ಮೇಲೆ ಅವನು ನಿಂತ. ಹಿಂದಕ್ಕೆ ಹೋಗಿ ಮನಸ್ಸಿನಲ್ಲೇ ಓದಿಕೊಂಡ. ಎದ್ದ. ಚಪ್ಪಲಿ ಹಾಕಿಕೊಳ್ಳುವುದನ್ನು ಮರೆತು ರಸ್ತೆಗೆ ಇಳಿದಿದ್ದ. ನಾನು ಚಪ್ಪಲಿ ಹಿಡಿದು ಹಿಂದೆ ಓಡಿದೆ.

ನಾವು ದೇವದುರ್ಗ ಮುಟ್ಟಿದಾಗ ಮಧ್ಯಾಹ್ನ. ಶೇಖಮ್ಮ ಅಂದು ಬೆಳಗಿನ ಜಾವವೇ ಹೋಗಿದ್ದರು. ಸಾವಿನ ಸುದ್ದಿ ಹೊತ್ತು ರಾಯಚೂರಿಗೆ ಹೊರಟವನು ನಡುದಾರಿಯಲ್ಲಿ ನಮ್ಮನ್ನು ದಾಟಿ ಹೋಗಿದ್ದ.

ಅಂಗಳದಲ್ಲಿ ಜನ ತುಂಬಿತ್ತು. ಹನುಮಂತ್ರಾಯ ಮೊದಲು ಎದ್ದು ಬಂದು ಅವನ ಕೈ ಹಿಡಿದ.

"ನಾ ಹೊಂಟಿದ್ದೆ ಯಪ್ಪಾ. ಮಿಷಿನ್ನಿನಾಗ ಹೋಗ್ಯದ ಅಂದ್ರು. ನಿಂತೆ."

ಹಿಂದೆ ಗೋಡೆಗೆ ಅಂಟಿಕೊಂಡು ಹುಲಿಗೆಪ್ಪ ನಿಂತಿದ್ದ. ಅವನ ಮುಖ ನೋಡಿದರೆ ಸಾಕಾಗಿತ್ತು. ಚಿಕ್ಕಿ ಯಾಕೆ ಬೀಳಲಿಲ್ಲವೆಂದು ಯಾರೂ ಕೇಳಬೇಕಾಗಿರಲಿಲ್ಲ. ಒಳಗಿಂದ ಗೋಪಮ್ಮ ಕೂದಲು ಕೆದರಿಕೊಂಡು ಬಂದು ಅಣ್ಣನೆದುರು ನಿಂತಳು.

"ಎರಡು ದಿನ ಆತಣ್ಣ. ಅವ್ವ ಬಾಗಿಲಾ ನೋಡಿ ನೋಡಿ ಹ್ವಾದಳು. ಸುದ್ದಿ ಮುಟ್ಟಿತ್ತೋ ಇಲ್ಲೋ? ಅಷ್ಟ ಹೇಳು."

ಅವಳ ಗಂಡ ಪಕ್ಕದಲ್ಲಿದ್ದ, ಮುಂಗೋಪಿ. ಉರುಕುಂದಪ್ಪ ಹುಲಿಗೆಪ್ಪನ ಕಡೆ ಒಮ್ಮೆ ನೋಡಿದ.

"ಮುಟ್ಟಿತ್ತವ್ವಾ," ಎಂದ. "ನನಗ ಬರಾಕ ಆಗಲಿಲ್ಲ."

ಅವಳು ಒಂದು ಗಳಿಗೆ ನಿಂತು ನೋಡಿದಳು. ಆಮೇಲೆ ಒಳಗೆ ಹೋದಳು. ಮಣ್ಣು ಮುಗಿಯುವವರೆಗೆ ಅವನ ಕಡೆ ತಿರುಗಲಿಲ್ಲ.

ಮರಳುವ ಬಸ್ಸಿನಲ್ಲಿ ನಾನು ಅವನೊಂದಿಗೆ ಜಗಳಾಡಿದೆ. "ಹುಲಿಗೆಪ್ಪ ಅದೇ ಓಣಿಯಾಗ ಇರಾಂವ," ಎಂದ. "ದಿನಾ ಮುಖ ನೋಡಬೇಕು. ಸಾಹುಕಾರ್ರಿಗೆ ಗೊತ್ತಾದ್ರ ಕೆಲಸಾನೂ ಹೋಗತದ. ಮನಿ ಮಾತಿಗೆ ಚಿಕ್ಕಿ ಇಲ್ಲ ಅಂದಾಂವ ನಾನು. ದಂಡ ಹಾಕಿದಾಂವ ನಾನು. ಅಂವ ನನ್ನ ಮಾತು ಕೇಳಿದ. ಅದಕ್ಕ ಅಂವ ಬೈಸಿಕೋಬೇಕೇನು?"

"ಗೋಪಮ್ಮಗ ಒಬ್ಬಾಕಿಗಾದ್ರೂ ಹೇಳು."

"ಹೇಳತೀನಿ. ಸ್ವಲ್ಪ ತಣ್ಣಗಾಗಲಿ."

ಮರುದಿನವೇ ಅವನು ಚಹಾ ದಂಡವನ್ನು ತೆಗೆದುಹಾಕಿದ. ಎಂಥ ಮಾತಿಗಾದರೂ ಚಿಕ್ಕಿ ಹಾಕಬಹುದು, ಯಾರೂ ನಗಬಾರದು ಎಂದು ಕಟ್ಟೆಯಲ್ಲೇ ಬರೆದ. ಆಗ ಯಾರೂ ಚಿಕ್ಕಿ ಹಾಕಲೇ ಇಲ್ಲ. ಹುಲಿಗೆಪ್ಪನಂತೂ ಆ ಚಿಕ್ಕಿಯ ಕೀಲಿಯ ಕಡೆ ಬೆರಳು ಒಯ್ಯಲಿಲ್ಲ. ಬೆಳಗಿನ ಓದು ಸಪ್ಪೆಯಾಯಿತು, ನಿಂತಿತು. ಒಬ್ಬೊಬ್ಬರೇ ಬಂದು ತಮಗೆ ಬೇಕಾದ್ದನ್ನು ಓದಿಕೊಂಡು ಹೋಗತೊಡಗಿದರು. ಚಹಾ ಮತ್ತೆ ಅವರವರ ಮೇಜಿಗೆ ಹೋಯಿತು. ಮಾನ್ವಿಯಲ್ಲಿ ಗಡಿಗೆಪ್ಪನವರು ಅವನನ್ನು ತಡೆದು, "ಯಾಕಪಾ ನಿಲ್ಲಿಸಿದಿ? ಈಗ ಯಾರೂ ಕೂಡಿ ಕುಡಿಯಂಗಿಲ್ಲ. ಬೇಜಾರಾಗ್ಯದ," ಎಂದರು. 

ಹನುಮಂತ್ರಾಯನನ್ನು ಮತ್ತೆ ಬಸ್ಸಿಗೆ ಹಾಕಿರೆಂದು ಉರುಕುಂದಪ್ಪ ಸಾಹುಕಾರರನ್ನು ಕೇಳಿದ. ನಾನೂ ಅಲ್ಲಿದ್ದೆ.

"ಥೈಲಿಗೆ ಮನಷ್ಯಾ ಬ್ಯಾಡ ಅಂತ ನೀನ ಹೇಳಿದಿಲ್ಲೋ?" ಎಂದರು ಸಾಹುಕಾರರು, ನಗುತ್ತಲೇ. "ಈಗ ಚಂದ ನಡದದಲ್ಲ. ನಡಿಯೋದನ್ನ ಯಾಕ ಕೆಡಸ್ತಿ?"

 ಕಟ್ಟೆ ನಿಜಕ್ಕೂ ಚೆಂದ ನಡೆಯುತ್ತಿತ್ತು. ಈಗಲೂ ನಡೆಯುತ್ತಿದೆ.

ದೇವದುರ್ಗಕ್ಕೆ ಹೋದಾಗೆಲ್ಲ ತಂಗಿಯ ಮನೆಯ ಮುಂದೆ ನಿಲ್ಲುತ್ತಿದ್ದ. ಅವಳು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದಳು. ಸೂಗಮ್ಮ ಹೋಗಿ ಕೂತು ಅತ್ತು ಬಂದಳು. ಗಂಡ ಹೇಳಬೇಡವೆಂದದ್ದನ್ನು ಅವಳೂ ಹೇಳಲಿಲ್ಲ. ನ್ಯಾಯ ಅವನಿಗೆ ಬಹಳ ದೊಡ್ಡದು. ಒಬ್ಬ ಬಡ ಗುಮಾಸ್ತನನ್ನು ಉಳಿಸಿದೆನೆಂಬ ಸಮಾಧಾನವೂ ಇತ್ತೇನೋ. ಆದರೆ ತಣ್ಣಗಾಗಲಿ ಎಂದು ಕಾದಷ್ಟೂ ಆ ಸುಳ್ಳು ಗಟ್ಟಿಯಾಯಿತು. ಎಲ್ಲರಿಗೂ ಒಂದೇ ಸುದ್ದಿ ಒಟ್ಟಿಗೆ ಮುಟ್ಟಬೇಕೆಂದು ನಾಲ್ಕು ವರ್ಷ ಹೆಣಗಿದವನು ತನ್ನ ಒಡಹುಟ್ಟಿದವಳಿಗೆ ಒಂದು ಮಾತು ಮುಟ್ಟಿಸದೆ ಉಳಿದ. ನಾನು ಇದನ್ನು ಅವನ ಮುಖಕ್ಕೇ ಹೇಳಿದ್ದೇನೆ. ಈಗ ಬರೆಯುವಾಗಲೂ ಸಿಟ್ಟು ಬರುತ್ತದೆ. ಸಿಟ್ಟು ಮಾಡಲು ಅವನಿಲ್ಲ.

ಈ ಮಳೆಗಾಲದಲ್ಲಿ ಅವನಿಗೆ ಕಾಮಾಲೆಯಾಯಿತು. ಮೊದಲು ನಾಟಿ ಔಷಧ, ಆಮೇಲೆ ದವಾಖಾನೆ, ಅಷ್ಟರಲ್ಲಿ ತಡವಾಗಿತ್ತು. ಕೊನೆಯ ದಿನಗಳಲ್ಲಿ ಒಮ್ಮೆ ಹಳದಿ ಕಣ್ಣು ತೆರೆದು, "ಗೋಪಿಗೆ ಹೇಳು," ಎಂದ. ಏನು ಹೇಳಲಿ ಎಂದು ಬಾಗಿದೆ. "ಬ್ಯಾಡ ಬಿಡು," ಎಂದು ಮಗ್ಗುಲಾದ.

ಎರಡರಲ್ಲಿ ಯಾವುದನ್ನು ಕೇಳಬೇಕೆಂದು ನನಗೆ ತಿಳಿಯಲಿಲ್ಲ. ಸಂತಾಪ ಸಭೆಗೆ ದೇವದುರ್ಗದಿಂದ ಬಂದಿದ್ದ ಹುಲಿಗೆಪ್ಪ ಸಭೆ ಮುಗಿದ ಮೇಲೆ ನನ್ನ ಹತ್ತಿರ ಬಂದು, "ಇನ್ನ ನನ್ನ ಕಡಿಂದ ಆಗಂಗಿಲ್ರಿ. ನಾನ ಹೇಳತೀನಿ. ನೀವು ಜೊತಿಗೆ ಬರ್ರಿ," ಎಂದ.

ಹೋದೆವು. ಗೋಪಮ್ಮ ಕಟ್ಟಿಗೆ ಒಡೆಯುತ್ತಿದ್ದವಳು ಸೆರಗು ಸರಿಮಾಡಿಕೊಂಡು ಕೂತಳು. ಹುಲಿಗೆಪ್ಪ ನಿಂತೇ ಹೇಳಿದ. ಎಲ್ಲವನ್ನೂ ಹೇಳಿದ: ಚಿಕ್ಕಿ ಎಂದರೇನು, ದಂಡವೆಂದರೇನು, ಹಬ್ಬದ ಮಾತಿಗೆ ದಂಡ ಬಿದ್ದದ್ದು, ಆ ಶನಿವಾರ ಬೆರಳು ಕೀಲಿಯ ಹತ್ತಿರ ಹೋಗಿ ಹಿಂದೆ ಬಂದದ್ದು.

"ಮತ್ತ ನಗತಾರ ಅಂತ ಅನಿಸ್ತಬೇ," ಎಂದ. "ಯವ್ವ ಹೋಗತಾಳ ಅಂತ ನನಗೇನು ಗೊತ್ತು. ಸೋಮವಾರ ಬರತಾರ, ಸಾಕು ಅಂದುಕೊಂಡೆ. ಅವರಿಗೆ ಸುದ್ದಿ ಮುಟ್ಟಿದ್ದು ಸೋಮವಾರನ. ಮೊದಲ ಮುಟ್ಟಿತ್ತು ಅಂತ ನನ್ನ ಸಲುವಾಗಿ ಹೇಳಿದ್ರು."

 ಗೋಪಮ್ಮ ಹುಲಿಗೆಪ್ಪನನ್ನು ಬಿಟ್ಟು ನನ್ನನ್ನು ನೋಡಿದಳು.

"ನಾ ಏನ್ ಮಾಡತಿದ್ನಿರೀ ಇವಗ? ಬೈತಿದ್ದೆ. ಓಣಿ ಕೇಳಂಗ ಬೈತಿದ್ದೆ. ನಾಕು ದಿನ ಆದ ಮ್ಯಾಲ ಮರೀತಿದ್ದೆ. ಅಷ್ಟೂ ಗೊತ್ತಾಗಲಿಲ್ಲೇನು ನಮ್ಮಣ್ಣಗ? ನನ್ನ ಕೂಡ ಬೆಳದಾಂವ."

ನಾನು ನೆಲಕ್ಕೆ ಬಿದ್ದಿದ್ದ ಕಟ್ಟಿಗೆಯ ಚೂರುಗಳನ್ನು ಒಂದು ಕಡೆ ಸರಿಸಿದೆ.

"ಅಣ್ಣನ ಮುಖ ನೋಡಲಾರದ ಮಣ್ಣಿಗೆ ಕೊಟ್ಟು ಬಂದ್ನಿ," ಎಂದಳು. ಕೊಡಲಿಯನ್ನು ಎತ್ತಿ ಗೋಡೆಗೆ ಆನಿಸಿಟ್ಟಳು. "ನೀವಿನ್ನ ಹೋಗ್ರಿ. ನಾ ಅಳಬೇಕು."

ನಾವು ಹೊರಗೆ ಬಂದೆವು. ಬಾಗಿಲು ಹಾಕಿದ ಸದ್ದು ಕೇಳಿಸಿತು. ಹುಲಿಗೆಪ್ಪ ಓಣಿಯ ತಿರುವಿನವರೆಗೂ ಬಂದು ಅಲ್ಲೇ ಒಂದು ಕಲ್ಲಿನ ಮೇಲೆ ಕೂತುಬಿಟ್ಟ. ಮನೆಯೊಳಗಿನಿಂದ ಅವಳ ಅಳುವಿನ ದನಿ ಏಳುವವರೆಗೆ ನಾನೂ ಅವನ ಪಕ್ಕದಲ್ಲಿ ನಿಂತಿದ್ದೆ.